ಅಕ್ರೊಪಾಂಗಿಗೆ ಬಂದ ನೆಂಟರು

ದೂರದ ಊರಿಗೆ ಹೋಗಿಬಂದವರು ಬರೆದದ್ದನ್ನು ಓದುವಾಗ ನನಗೆ ಮೊದಲು ಏಳುವ ಪ್ರಶ್ನೆ, ಆ ಊರಿನವರು ಏನಂದರು ಎಂಬುದು. ಮಿಷನ್ ತಂಡಗಳ ಕಥೆಗಳಲ್ಲಂತೂ ಈ ಪ್ರಶ್ನೆ ಬಿಡದೆ ಕಾಡುತ್ತದೆ. ಹೋದವರ ಹಡಗು, ಜ್ವರ, ಪ್ರಾರ್ಥನೆ ಎಲ್ಲ ಅಲ್ಲಿ ವಿವರವಾಗಿ ಇರುತ್ತವೆ. ಬಾಗಿಲು ತೆರೆದವರು, ಉಣ್ಣಲು ಇಟ್ಟವರು, ಜ್ವರಕ್ಕೆ ಮದ್ದು ಅರೆದವರು ಹೆಸರಿಲ್ಲದೆ ಉಳಿದುಬಿಡುತ್ತಾರೆ. ಅದಕ್ಕೇ ಘಾನಾದ ಅಕ್ರೊಪಾಂಗ್ ಊರಿನ ಕಥೆ ನನಗೆ ಬಲು ಇಷ್ಟ. ಅಲ್ಲಿ ಊರಿನ ದೊರೆಯೇ ಬಾಯಿಬಿಟ್ಟು ಮಾತಾಡಿದ್ದಾರೆ. ಕಥೆ ತಿರುಗಿದ್ದು ಅವರ ಮಾತಿನಿಂದ.

ಅಕ್ರಾ ನಗರದ ಉತ್ತರಕ್ಕೆ ಅಕ್ವಾಪೆಮ್ ಎಂಬ ಗುಡ್ಡಸಾಲು ಇದೆ. ಅದರ ಮೇಲಿನ ಊರು ಅಕ್ರೊಪಾಂಗ್. ಆ ಕಾಲದಲ್ಲಿ ಆ ಸೀಮೆಗೆ ಗೋಲ್ಡ್ ಕೋಸ್ಟ್ ಎಂದು ಹೆಸರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1828ರಲ್ಲಿ ತನ್ನ ನಾಲ್ವರನ್ನು ಅಲ್ಲಿಯ ಕರಾವಳಿಗೆ ಕಳಿಸಿತು. ಬಾಸೆಲ್ ಮಿಷನ್ ನಮಗೇನೂ ಅಪರಿಚಿತವಲ್ಲ. 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಕಟ್ಟಿದ್ದು ಅದೇ ಸಂಸ್ಥೆ. ಆದರೆ ಗೋಲ್ಡ್ ಕೋಸ್ಟಿಗೆ ಹೋದ ಆ ನಾಲ್ವರೂ ಕಾಯಿಲೆ ಬಿದ್ದು ಅಲ್ಲೇ ಮಣ್ಣಾದರು. 1832ರಲ್ಲಿ ಇನ್ನೂ ಮೂವರು ಹೋದರು. ಅವರಲ್ಲಿ ವೈದ್ಯನೂ ಸೇರಿ ಇಬ್ಬರು ಕೆಲವೇ ತಿಂಗಳಲ್ಲಿ ತೀರಿಕೊಂಡರು. ಉಳಿದವನು ಆಂಡ್ರಿಯಾಸ್ ರೀಸ್ ಒಬ್ಬನೇ. ಅವನನ್ನು ಉಳಿಸಿದ್ದು ಆ ಸೀಮೆಯ ಒಬ್ಬ ನಾಟಿ ವೈದ್ಯ. ಉಪದೇಶ ಮಾಡಲು ಬಂದವನು ಮೊದಲು ಪಡೆದದ್ದು ಊರಿನವರ ಆರೈಕೆಯನ್ನು ಎಂಬುದನ್ನು ಮರೆಯಬಾರದು.

1835ರಲ್ಲಿ ರೀಸ್ ಗುಡ್ಡ ಹತ್ತಿ ಅಕ್ರೊಪಾಂಗಿಗೆ ಬಂದ. ದೊರೆ ಅಡ್ಡೊ ಡಂಕ್ವಾ ಬರಮಾಡಿಕೊಂಡು ನೆಲೆ ಕೊಟ್ಟರು. ರೀಸ್ ಅಲ್ಲಿ ಮನೆ ಕಟ್ಟಿದ. ಜನ ಅವನನ್ನು ‘ಒಸಿಯಾಡನ್’, ಅಂದರೆ ಮನೆ ಕಟ್ಟುವವನು, ಎಂದು ಕರೆದರು. ಮನೆಯೇನೋ ಎದ್ದಿತು, ಅವನು ಹೇಳಿದ ಧರ್ಮವನ್ನು ಮಾತ್ರ ಒಬ್ಬರೂ ಒಪ್ಪಲಿಲ್ಲ. 1840ರಲ್ಲಿ ಅವನು ಊರಿಗೆ ಹೊರಟು ನಿಂತಾಗ ದೊರೆ ಹೇಳಿದ ಮಾತು ಇಂದಿಗೂ ಅಲ್ಲಿಯ ಸಭೆಗಳಲ್ಲಿ ನೆನಪಿನಲ್ಲಿದೆ. ಪುಸ್ತಕ ಬಿಳಿಯರಿಗೆ ಸಂದದ್ದು ಎಂದೇ ನಾವು ತಿಳಿದಿದ್ದೇವೆ; ಅದನ್ನು ಓದಬಲ್ಲ, ಅದರಂತೆ ಬಾಳುವ ಕಪ್ಪು ಜನರನ್ನು ತೋರಿಸಿದರೆ ನಿಮ್ಮ ಹಿಂದೆ ಬರುತ್ತೇವೆ ಎಂಬ ಅರ್ಥದ ಮಾತದು.

ಇದಕ್ಕಿಂತ ನ್ಯಾಯವಾದ ಪ್ರಶ್ನೆ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ದೊರೆ ಜಗಳವಾಡಲಿಲ್ಲ, ಓಡಿಸಲೂ ಇಲ್ಲ, ಸಾಕ್ಷಿ ಕೇಳಿದರು. ಮಿಷನ್‌ಗೆ ಆ ಸಾಕ್ಷಿ ಸಿಕ್ಕಿದ್ದು ಜಮೈಕಾದಲ್ಲಿ. ಆ ದ್ವೀಪದ ಕಬ್ಬಿನ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದ ಆಫ್ರಿಕನ್ನರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಅವರಲ್ಲಿ ಮೊರಾವಿಯನ್ ಎಂಬ ಕ್ರೈಸ್ತ ಸಭೆಗೆ ಸೇರಿದ ಕೆಲವು ಕುಟುಂಬಗಳು ಆಫ್ರಿಕಾಕ್ಕೆ ಹೊರಡಲು ಮನಸ್ಸು ಮಾಡಿದವು. ಜಮೈಕಾ ಮತ್ತು ಆಂಟಿಗ್ವಾದ 24 ಜನ 1843ರ ಫೆಬ್ರವರಿಯಲ್ಲಿ ಕಿಂಗ್‌ಸ್ಟನ್ ಬಂದರಿನಿಂದ ಹಡಗು ಹತ್ತಿದರು. ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಮುಟ್ಟಿ, ಜೂನ್‌ನಲ್ಲಿ ಅಕ್ರೊಪಾಂಗಿಗೆ ಬಂದರು. ಹಿರಿಯರನ್ನು ಸಂಕೋಲೆ ಹಾಕಿ ಸಾಗಿಸಿದ ಅದೇ ಸಾಗರವನ್ನು ಮೊಮ್ಮಕ್ಕಳು ಸ್ವತಂತ್ರರಾಗಿ, ತಮ್ಮ ಇಚ್ಛೆಯಿಂದ ಹಿಂದಕ್ಕೆ ದಾಟಿದರು. ಇದನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿಬರುತ್ತದೆ.

ಆ ಹಡಗಿನಲ್ಲಿದ್ದ ಕ್ಯಾಥರೀನ್ ಮಲ್‌ಗ್ರೇವ್ ಹುಟ್ಟಿದ್ದು ಅಂಗೋಲಾದಲ್ಲಿ. ಗುಲಾಮರ ಹಡಗಿನವರು ಚಿಕ್ಕಂದಿನಲ್ಲೇ ಕದ್ದೊಯ್ದರು. ಆ ಹಡಗು ಜಮೈಕಾದ ತೀರದಲ್ಲಿ ಒಡೆದದ್ದರಿಂದ ಬಿಡುಗಡೆಯಾಗಿ, ಅಲ್ಲಿಯ ಗವರ್ನರ್ ಕುಟುಂಬದ ಆಸರೆಯಲ್ಲಿ ಓದಿ ಶಿಕ್ಷಕಿಯಾದರು. ಮತ್ತೆ ಆಫ್ರಿಕಾಕ್ಕೆ ಬಂದು ದಶಕಗಳ ಕಾಲ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ನನ್ನ ಮಟ್ಟಿಗೆ ಇಡೀ ತಂಡದಲ್ಲಿ ದೊಡ್ಡವರು ಅವರೇ.

ಬಂದವರ ಬದುಕು ಸುಖದ್ದಾಗಿರಲಿಲ್ಲ. ಕಾಡು ಕಡಿದು ಹೊಲ ಮಾಡಬೇಕಾಯಿತು. ಬಟ್ಟೆ, ದಿನಸಿ, ವಸತಿಗಾಗಿ ಮಿಷನ್ ಜೊತೆ ತಕರಾರು ಎದ್ದಿತು. ಐದು ವರ್ಷದ ಕರಾರು ಮುಗಿದ ಮೇಲೆ ಕೆಲವರು ಜಮೈಕಾಕ್ಕೆ ಮರಳಿದರು. ಉಳಿದವರ ಮಕ್ಕಳು ಮೊಮ್ಮಕ್ಕಳು ಆ ಮಣ್ಣಿನವರೇ ಆದರು. ಅವರು ತಂದ ಬೀಜ, ಸಸಿ, ಗೆಡ್ಡೆಗಳಲ್ಲಿ ಕೊಕೊಯ್ಯಾಮ್ ಒಂದು. ಇದು ನಮ್ಮ ಕೆಸುವಿನ ಬಳಗದ್ದು. ಇವತ್ತು ಘಾನಾದ ಅಡುಗೆಮನೆಯಲ್ಲಿ ಅದರ ಗೆಡ್ಡೆಯೂ ಬೇಕು, ಕೊಂಟೊಮಿರೆ ಎಂದು ಕರೆಯುವ ಎಲೆಯೂ ಬೇಕು. ಎಲೆಯನ್ನು ತಾಳೆಎಣ್ಣೆಯಲ್ಲಿ ಬೇಯಿಸಿ ಬಾಯಿ ಚಪ್ಪರಿಸಿ ಉಣ್ಣುತ್ತಾರೆ. ಮಳೆಗಾಲದಲ್ಲಿ ಪತ್ರೊಡೆಗೆ ಕಾಯುವ ನಮ್ಮ ಕರಾವಳಿಯವರು ಆ ಊಟಕ್ಕೆ ಕೂತರೆ ಹೊಸತೆನಿಸಲಾರದು.

ಊಟದ ಮಾತು ಬಂತೆಂದು ಭಾಷೆಯ ಮಾತು ಮರೆಯಬಾರದು. ಆ 24 ಜನ ಅಕ್ರೊಪಾಂಗ್ ಸೇರಿದ ಮರು ತಿಂಗಳು, 1843ರ ಜುಲೈ 1ರಂದು, ಅದೇ ಮಿಷನ್ನಿನ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದರು. ಹತ್ತು ವರ್ಷಗಳ ನಂತರ, 1853ರಲ್ಲಿ, ಬಾಸೆಲ್‌ನಲ್ಲಿ ಓದಿದ ಇಬ್ಬರು ಎರಡು ದಿಕ್ಕಿಗೆ ಹೋದರು. ಕಿಟೆಲ್ ನಮ್ಮಲ್ಲಿಗೆ ಬಂದರು, ಕ್ರಿಸ್ಟಾಲರ್ ಗೋಲ್ಡ್ ಕೋಸ್ಟಿಗೆ. ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಬಂತು. ಅಲ್ಲಿಯ ಟ್ವಿ ಭಾಷೆಗೆ ಕ್ರಿಸ್ಟಾಲರರ ನಿಘಂಟು 1881ರಲ್ಲೇ ಬಂದಿತ್ತು. ಅದಕ್ಕೂ ಮುಂಚೆ, 1879ರಲ್ಲಿ, ಅವರು 3600 ಟ್ವಿ ಗಾದೆಗಳನ್ನು ಅಚ್ಚು ಹಾಕಿಸಿದ್ದರು. ಕಿಟೆಲರಿಗೆ ನಮ್ಮ ಪಂಡಿತರು ನೆರವಾದಂತೆ, ಕ್ರಿಸ್ಟಾಲರಿಗೆ ಡೇವಿಡ್ ಅಸಾಂಟೆ, ಥಿಯೋಫಿಲಸ್ ಒಪೊಕು ಮುಂತಾದ ಅಲ್ಲಿಯವರೇ ಬಲವಾಗಿ ನಿಂತರು. ಗಾದೆ ಹೇಳಿದ ಬಾಯಿಗಳು ಊರಿನವು. ಬರೆದುಕೊಂಡ ಕೈಯ ದೊಡ್ಡತನ ಇರುವುದು ಅವನ್ನು ಕಿವಿಗೊಟ್ಟು ಕೇಳಿದ್ದರಲ್ಲಿ.

1848ರಲ್ಲಿ ಅಕ್ರೊಪಾಂಗಿನಲ್ಲಿ ಆರಂಭವಾದ ಶಿಕ್ಷಕರ ಕಾಲೇಜು ಇಂದಿಗೂ ನಡೆಯುತ್ತಿದೆ. ಇದೆಲ್ಲದರ ಯಶಸ್ಸನ್ನು ಬಾಸೆಲ್‌ಗೆ ಮಾತ್ರ ಬರೆದಿಡುವುದು ತಪ್ಪು. ಅರ್ಧ ಪಾಲು ಸಾಕ್ಷಿ ಕೇಳಿದ ದೊರೆಗೆ, ಉಳಿದರ್ಧದಲ್ಲಿ ದೊಡ್ಡ ಪಾಲು ಜಮೈಕಾದಿಂದ ಬಂದವರಿಗೆ ಸಲ್ಲಬೇಕು. ಇಂದು ಎರಡು ವಾರದ ಮಟ್ಟಿಗೆ ಆಫ್ರಿಕಾದ ಹಳ್ಳಿಗಳಿಗೆ ಹೋಗಿಬರುವ ಸಭೆಗಳ ತಂಡಗಳಿವೆ. ಅವರಲ್ಲಿ ನನ್ನದೊಂದು ಕೋರಿಕೆ: ಹೋಗುವ ಮೊದಲು ಆ ಊರಿನ ಭಾಷೆಯ ನಾಲ್ಕು ಮಾತಾದರೂ ಕಲಿಯಿರಿ. ಬಂದು ಬರೆಯುವಾಗ ನೀವು ಕೊಟ್ಟದ್ದಕ್ಕಿಂತ ಮೊದಲು ನಿಮಗೆ ಉಣ್ಣಲಿಟ್ಟವರು ಏನಂದರು ಎಂಬುದನ್ನು ಬರೆಯಿರಿ.