ಎಂಟು ಗುಂಡಿಗಳ ಯಂತ್ರದಲ್ಲಿ ಉಳಿದ ಕೈ

ನಿವೃತ್ತಿಯ ಬಳಿಕ ಹಳೆಯ ಸೀಕ್ವೆನ್ಸರ್ ಯಂತ್ರಗಳನ್ನು ಕೂಡಿಹಾಕುತ್ತಿದ್ದೇನೆಂದರೆ ಬಂಧುಗಳು ನಗುತ್ತಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಿಗೆ ಈ ಹುಚ್ಚು ಹತ್ತಿದ್ದರಲ್ಲಿ ಅಚ್ಚರಿಯೇನಿದೆ ಎಂಬುದು ನನ್ನ ಸಮರ್ಥನೆ. ಸದ್ಯಕ್ಕೆ ಇರುವುದು ಮೂರೇ: 1986ರ ರೋಲ್ಯಾಂಡ್ ಟಿಆರ್-505, 1987ರ ಅಲೆಸಿಸ್ ಎಂಎಂಟಿ-8 ಮತ್ತು 1997ರ ಯಮಹಾ ಕ್ಯೂವೈ70.

ಸೀಕ್ವೆನ್ಸರ್ ಎಂಬುದು ಟೇಪ್‌ರೆಕಾರ್ಡರ್ ಅಲ್ಲ. ಅದು ನಾದವನ್ನು ಹಿಡಿದಿಡುವುದಿಲ್ಲ. ಕೀಬೋರ್ಡಿನ ಯಾವ ಮನೆಯನ್ನು ಯಾವ ಕ್ಷಣದಲ್ಲಿ ಎಷ್ಟು ರಭಸದಿಂದ ಒತ್ತಲಾಯಿತು, ಯಾವಾಗ ಬಿಡಲಾಯಿತು ಎಂಬ ವಿವರಗಳನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಕೇತಪದ್ಧತಿಯಲ್ಲಿ ಮನೆಗೆ 0ಯಿಂದ 127ರವರೆಗೆ ಒಂದು ಸಂಖ್ಯೆ, ರಭಸಕ್ಕೆ 1ರಿಂದ 127ರವರೆಗೆ ಇನ್ನೊಂದು. ಸ್ವರಲಿಪಿಯ ಪುಸ್ತಕವಿದ್ದಂತೆ ಎನ್ನಿ. ಹಾಡಲು ಬೇರೆ ಕಂಠ ಬೇಕು.

ರೋಲ್ಯಾಂಡಿನಲ್ಲಿ ಒಂದು ಆವರ್ತಕ್ಕೆ 16 ಹೆಜ್ಜೆಗಳು. ಅಕ್ಷರಕ್ಕೆ ಎರಡರಂತೆ ಆದಿತಾಳ ಅಚ್ಚುಕಟ್ಟಾಗಿ ಕೂರುತ್ತದೆ. ಕೊನೆಯ ಹೆಜ್ಜೆಯನ್ನು 14ಕ್ಕೆ ಇಳಿಸಿದರೆ ಮಿಶ್ರಛಾಪು. ಬೆಳಗಿನ ಹೊತ್ತು ಇದನ್ನೇ ತಿರುಗಿಸುತ್ತ ಕೂತರೆ ನಮ್ಮ ಮನೆಯವರು, "ಇದೇನ್ರೀ, ಪೂಜೆ ಹೊತ್ನಲ್ಲಿ ರೈಸ್‌ಮಿಲ್ಲು ಓಡಿಸಿದ ಹಾಗೆ!" ಎನ್ನುತ್ತಾರೆ. ಆ ಟೀಕೆಯಲ್ಲಿ ಸತ್ಯವಿಲ್ಲದಿಲ್ಲ.

ನಾನು ಬರೆಯಹೊರಟಿದ್ದು ಅಲೆಸಿಸ್ ಯಂತ್ರದ ಬಗ್ಗೆ. ಅದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಗಣೇಶೋತ್ಸವದ ರಸಮಂಜರಿ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ತಂಡಕ್ಕೆ ಬೇಸ್ ಗಿಟಾರಿನವನು ಸಿಗದ ದಿನ ಆ ಕೆಲಸವನ್ನು ಈ ಪೆಟ್ಟಿಗೆಗೆ ವಹಿಸುತ್ತಿದ್ದ. ಅವನು ತೀರಿಕೊಂಡ ಮರುವರ್ಷ ಅವನ ಪತ್ನಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದರು. "ಗುಜರಿಗೆ ಹಾಕೋಕೆ ಮನಸ್ಸಾಗಲಿಲ್ಲ ಮೇಷ್ಟ್ರೇ, ನೀವೇ ಇಟ್ಕೊಳ್ಳಿ" ಎಂದರು. ಕೀಬೋರ್ಡು ಆಸ್ಪತ್ರೆಯ ಖರ್ಚಿಗೆಂದು ಮೊದಲೇ ಮಾರಾಟವಾಗಿತ್ತು.

ವಿದ್ಯುತ್ ಕೊಟ್ಟು ನೋಡಿದೆ. ನೆನಪು ಅಳಿದಿರಲಿಲ್ಲ! ಈ ಯಂತ್ರದ ನೆನಪು ನಿಂತಿರುವುದು ಒಳಗೆ ಬೆಸೆದ ಸಣ್ಣದೊಂದು ಲಿಥಿಯಂ ಬ್ಯಾಟರಿಯ ಮೇಲೆ. 3 ವೋಲ್ಟ್ ಇರಬೇಕಾದಲ್ಲಿ ನನ್ನ ಮಲ್ಟಿಮೀಟರು 2.5 ತೋರಿಸಿತು. ಬ್ಯಾಟರಿ ಬದಲಿಸಿದರೆ ಎಲ್ಲವೂ ಅಳಿಸಿಹೋಗುತ್ತದೆ, ಬದಲಿಸದಿದ್ದರೆ ಇನ್ನೊಂದು ದಿನ ತಾನಾಗಿಯೇ ಅಳಿಯುತ್ತದೆ. ಮೊದಲು ಒಳಗಿರುವುದನ್ನು ಹೊರತೆಗೆಯಬೇಕಿತ್ತು.

ನೂರು ಭಾಗಗಳಿಗೆ ಸ್ಥಳವಿರುವ ಯಂತ್ರದಲ್ಲಿ 37 ತುಂಬಿದ್ದವು. ಒಂದೊಂದನ್ನೇ ನುಡಿಸುತ್ತ, ಮಿಡಿ ತಂತಿಯ ಮೂಲಕ ಕಂಪ್ಯೂಟರಿಗೆ ಬರೆಸಿಕೊಂಡೆ. ಅದಕ್ಕೆ ನಾಲ್ಕು ಸಂಜೆಗಳು ಬೇಕಾದವು. ಅಲೆಸಿಸ್‌ಗೆ ಸ್ವಂತ ಧ್ವನಿಯಿಲ್ಲವಾದ್ದರಿಂದ ಕ್ಯೂವೈ70ರ ಕಂಠವನ್ನು ಎರವಲು ಕೊಟ್ಟಿದ್ದೆ. ಕೊಳಲಿರಬೇಕಾದಲ್ಲಿ ಪಿಯಾನೋ ಕೇಳಿದ್ದೂ ಉಂಟು. ಯಂತ್ರದ ಮುಖದ ಮೇಲೆ ಎಂಟು ಪಥಗಳಿಗೆ ಎಂಟು ಗುಂಡಿಗಳಿವೆ. ನುಡಿಯುತ್ತಿರುವಾಗಲೇ ಯಾವ ಪಥವನ್ನಾದರೂ ಮೌನವಾಗಿಸಬಹುದು. ಏಳನ್ನು ಮುಚ್ಚಿ ಬೇಸ್ ಒಂದನ್ನೇ ಕೇಳಿದಾಗ ನನಗೊಂದು ವಿಷಯ ಹೊಳೆಯಿತು. ಹುಡುಗ ಎಲ್ಲಿಯೂ ಕ್ವಾಂಟೈಜ್ ಮಾಡಿರಲಿಲ್ಲ. ಅಂದರೆ, ಸ್ವರಗಳನ್ನು ತಾಳದ ಗೆರೆಗೆ ಎಳೆದು ನಿಲ್ಲಿಸುವ ಸೌಲಭ್ಯ ಕೈಯಲ್ಲೇ ಇದ್ದರೂ ಅದನ್ನು ಬಳಸಿರಲಿಲ್ಲ.

ಲೆಕ್ಕ ಹಾಕಿದೆ. ಯಂತ್ರ ಒಂದು ಬಡಿತವನ್ನು 96 ಪಾಲು ಮಾಡುತ್ತದೆ. ನಿಮಿಷಕ್ಕೆ ನೂರು ಬಡಿತವಾದರೆ ಒಂದು ಪಾಲಿಗೆ 6.25 ಮಿಲಿಸೆಕೆಂಡು. ಅವನ ಬೇಸ್ ಹೆಚ್ಚಿನೆಡೆ ಮೂರು ನಾಲ್ಕು ಪಾಲು ತಡವಾಗಿ ಬೀಳುತ್ತಿತ್ತು, ಚರಣ ಮುಗಿದು ಪಲ್ಲವಿಗೆ ಮರಳುವಲ್ಲಿ ಮಾತ್ರ ತುಸು ಮುಂಚೆ. ಶಾಲೆಯ ಪ್ರಾರ್ಥನೆಗೂ ಹುಡುಗ ಹೀಗೆಯೇ ಕೊನೆಯ ಗಳಿಗೆಯಲ್ಲಿ ಓಡಿಬರುತ್ತಿದ್ದ. ಪ್ರಯೋಗಕ್ಕೆಂದು ಒಂದು ಭಾಗದ ಪ್ರತಿ ತೆಗೆದು ಗೆರೆಗೆ ಎಳೆದು ನೋಡಿದೆ. ಸ್ವರಗಳೆಲ್ಲ ಅವೇ, ಆದರೆ ಕೇಳಿಬಂದದ್ದು ಕವಾಯತು. ಆ ಪ್ರತಿಯನ್ನು ಅಳಿಸಿದೆ.

ಅವನ ಮಗ ಬೆಂಗಳೂರಿನಿಂದ ಬಂದವನು ಕೂತು ಕೇಳಿದ. ಒಂದೆಡೆ ತಂದೆ ನಾಲ್ಕು ಆವರ್ತ ನುಡಿಸಿ, ಎಡವಿ, ನಿಂತು, ಮತ್ತೆ ಮೊದಲಿನಿಂದ ಶುರುಮಾಡಿದ್ದು ಹಾಗೆಯೇ ಉಳಿದಿದೆ. "ಇದನ್ನ ತೆಗೀಲಾ ಸರ್?" ಎಂದು ನಾನು ಕೇಳುವ ಮೊದಲೇ ಅವನೇ ಕೇಳಿದ. ಮರುಕ್ಷಣ, "ಬೇಡ, ಇರ್ಲಿ" ಎಂದ. ತಾಯಿ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಿದ್ದರು.

ಈಗ ಹೊಸ ಬ್ಯಾಟರಿ ಬಂದಿದೆ, ಟಿವಿ ರಿಪೇರಿಯವರ ನೆರವಿನಿಂದ. 37 ಭಾಗಗಳೂ ಯಂತ್ರಕ್ಕೆ ಮರಳಿವೆ. 63ನೆಯದು ಮಿಶ್ರಛಾಪುವಿನಲ್ಲಿರುವ ಯಾವುದೋ ಭಾವಗೀತೆಯ ಪೂರ್ವವಾದ್ಯ. ಹೆಸರು ಬರೆದಿಲ್ಲ, ಹಾಡುವವರ ಜಾಗ ಖಾಲಿ. ಅವನ ತಂಡದಲ್ಲಿ ಹಾಡುತ್ತಿದ್ದ ಹೆಣ್ಣುಮಗಳೊಬ್ಬರು ಪಕ್ಕದ ಊರಿನಲ್ಲಿದ್ದಾರೆಂದು ತಿಳಿಯಿತು. ಬರುವ ಭಾನುವಾರ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಬೇಕೆಂದಿದ್ದೇನೆ.