ನೆಲಮಾಳಿಗೆಯ ಬಿಡಾರ

ಸಾಲ ಮಾಡಿ ಮನೆ ಕೊಂಡ ಗೃಹಸ್ಥನ ದೃಷ್ಟಿ ಒಂದಲ್ಲ ಒಂದು ದಿನ ಪಾತಾಳಕ್ಕೆ ಇಳಿಯದೆ ಇರದು. ಮೇಲೆ ಮಹಡಿಯೆತ್ತಲು ಹಣವಿಲ್ಲ. ಕೆಳಗೆ ನೆಲಮಾಳಿಗೆ ಬರಿದೇ ಬಿದ್ದಿದೆ. ಅಲ್ಲಿರುವ ಮುರುಕು ಕುರ್ಚಿಯಾಗಲಿ, ಮಕ್ಕಳು ಬೆಳೆದು ಬಿಟ್ಟ ತೊಟ್ಟಿಲಾಗಲಿ ಬಾಡಿಗೆ ಕೊಡುವುದಿಲ್ಲ. ಅವನ್ನು ಹೊರಗೆ ಸಾಗಿಸಿ, ಗೋಡೆಗೆ ಬಣ್ಣ ಬಳಿದು, ಮೂಲೆಯಲ್ಲೊಂದು ಒಲೆ ಹೂಡಿದರೆ ಸಾಕು, ಒಂದು ಸಂಸಾರಕ್ಕೆ ಬಿಡಾರ ಸಿದ್ಧ!

ನ್ಯೂಯಾರ್ಕ್ ನಗರದ ಕ್ವೀನ್ಸ್, ಬ್ರೂಕ್ಲಿನ್ ಭಾಗಗಳಲ್ಲಿ ಎಷ್ಟೋ ಮನೆಗಳು ಹೀಗೆಯೇ ಕೆಳಮುಖವಾಗಿ ಬೆಳೆದವು. ಒಡೆಯನಿಗೆ ಸಾಲದ ಕಂತು ಸಲ್ಲುತ್ತದೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವನಿಗೂ ದುಬಾರಿಯ ಆ ನಗರದಲ್ಲಿ ತಲೆಯಿಡಲು ಒಂದು ಜಾಗ ದೊರೆಯುತ್ತದೆ. ಇಬ್ಬರಿಗೂ ಅನುಕೂಲ, ಆದುದರಿಂದಲೇ ಇಬ್ಬರೂ ಬಾಯಿ ಬಿಡರು.

ಕಾನೂನು ಮಾತ್ರ ಅಳತೆಯ ಪಟ್ಟಿ ಹಿಡಿದು ನಿಂತಿದೆ. ಕೋಣೆಯ ಎತ್ತರದಲ್ಲಿ ಅರ್ಧವಾದರೂ ಬೀದಿಯ ಮಟ್ಟಕ್ಕಿಂತ ಮೇಲಿದ್ದರೆ ಅದು ಅಲ್ಲಿ ‘ಬೇಸ್‌ಮೆಂಟ್’. ಅರ್ಧಕ್ಕಿಂತ ಹೆಚ್ಚು ಕೆಳಗೆ ಹುದುಗಿದ್ದರೆ ‘ಸೆಲ್ಲರ್’. ಮೊದಲನೆಯದನ್ನು, ಅನುಮತಿ ಪಡೆದು, 7 ಅಡಿಯ ಎತ್ತರವಿಟ್ಟು, ಗಾಳಿಬೆಳಕಿಗೆ ಕಿಟಕಿಯಿಟ್ಟು ವಾಸಕ್ಕೆ ಕೊಡಬಹುದು. ಎರಡನೆಯದಕ್ಕೆ, ಒಂದೆರಡು ಸಂಸಾರಗಳ ಮನೆಗಳಲ್ಲಿ, ಬಹುಕಾಲ ಆ ಭಾಗ್ಯವಿರಲಿಲ್ಲ. ಇದೆಲ್ಲ ಕಚೇರಿಯವರ ಕಾಟವೆಂದು ಗೊಣಗುವವರುಂಟು. ಆದರೆ ನಮ್ಮ ಹಳ್ಳಿಗಳ ಹಿರಿಯರು ಸಹ ಜೋಳದ ಹಗೇವು ತೆರೆದೊಡನೆ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗಲೆಂದು ಕಾಯುತ್ತಿದ್ದರು, ದೀಪವನ್ನಿಳಿಸಿ ನೋಡುತ್ತಿದ್ದರು. ನೆಲದಡಿಯ ಜಾಗವನ್ನು ನಂಬಬಾರದೆಂಬುದನ್ನು ಅವರಿಗೆ ಯಾವ ಕಚೇರಿಯೂ ಕಲಿಸಿರಲಿಲ್ಲ.

2021ರ ಸೆಪ್ಟೆಂಬರ್ 1ರ ರಾತ್ರಿ, ದಕ್ಷಿಣದಲ್ಲಿ ಬಿರುಸು ಕಳೆದುಕೊಂಡಿದ್ದ ಐಡಾ ಚಂಡಮಾರುತದ ಮೋಡಗಳು ನ್ಯೂಯಾರ್ಕಿನ ಮೇಲೆ ಬಂದು ಸುರಿದವು. ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಅಂಗುಲ ಮಳೆ. ಬೀದಿಯ ನೀರು ಮೆಟ್ಟಿಲಿಳಿದು ಕೋಣೆಗಳನ್ನು ಹೊಕ್ಕಿತು. ನಗರದಲ್ಲಿ ಸತ್ತ 13 ಮಂದಿಯಲ್ಲಿ 11 ಮಂದಿ ನೆಲಮಾಳಿಗೆಗಳಲ್ಲಿಯೇ ಅಸುನೀಗಿದರು. ಅವರಿದ್ದ ಬಿಡಾರಗಳಲ್ಲಿ ಹೆಚ್ಚಿನವು ಅನುಮತಿಯಿಲ್ಲದವು.

ಇಂತಹ ಬಿಡಾರದ ಕೇಡು ಕಿಟಕಿಯ ಕೊರತೆಯಷ್ಟೇ ಅಲ್ಲ. ಗೋಡೆ ಜಿನುಗಿದರೂ ಬಾಡಿಗೆದಾರ ದೂರು ಕೊಡಲಾರ; ಪರೀಕ್ಷಕ ಬಂದರೆ ಮೊದಲು ಗಂಟುಮೂಟೆ ಕಟ್ಟಬೇಕಾದವನು ಅವನೇ. ಮುಚ್ಚಿಸಿದರೆ ಅವನಿಗೆ ಬೀದಿ. ಹಾಗೆಯೇ ಬಿಟ್ಟರೆ ನೀರು. ಸಕ್ರಮಗೊಳಿಸುವುದೊಂದೇ ಉಳಿದ ದಾರಿ. 2019ರಲ್ಲಿ ಬ್ರೂಕ್ಲಿನ್ನಿನ ಈಸ್ಟ್ ನ್ಯೂಯಾರ್ಕ್ ಬಡಾವಣೆಯಲ್ಲಿ ಪ್ರಯೋಗವಾಗಿ ಆರಂಭವಾದ ಈ ಕಾರ್ಯ ವೆಚ್ಚದ ಭಾರಕ್ಕೆ ಕುಂಟಿತು. 2024ರಲ್ಲಿ ನಗರಸಭೆ ಆ ದಾರಿಯನ್ನು ಹಿಗ್ಗಿಸಿತು. ನೆರೆಯ ಭಯವಿರುವೆಡೆ ಹೊಸ ನೆಲಮಾಳಿಗೆ ಬಿಡಾರ ಕೂಡದೆಂದೂ ವಿಧಿಸಿತು.

ನೆಲ ಅಗೆದು ಎತ್ತರ ಹೆಚ್ಚಿಸಲು, ಗೋಡೆ ಕೊರೆದು ಕಿಟಕಿಯಿಡಲು ಒಡೆಯನ ಕೈಯಿಂದ ಬಹಳ ಹಣ ಹೋಗುತ್ತದೆ. ಬಾಡಿಗೆಯ ರೂಪದಲ್ಲಿ ಅದು ಮರಳಲು ವರ್ಷಗಳೇ ಬೇಕು. ಆದರೆ ಗೋಡೆ ಒದ್ದೆಯಾದ ದಿನ ಬಾಡಿಗೆದಾರ ಮೇಲೆ ಬಂದು ಬಾಗಿಲು ತಟ್ಟಿ, “ಸ್ವಾಮಿ, ಇದನ್ನು ಸರಿಮಾಡಿಸಿಕೊಡಿ” ಎಂದು ನಿರ್ಭಯವಾಗಿ ಕೇಳಬಲ್ಲ. ಅಷ್ಟು ಹಣ ಕೊಟ್ಟು ಒಡೆಯ ಕೊಂಡದ್ದು ಆ ಮಾತನ್ನು.