ಕೊಟ್ಟಿಗೆಯ ಗ್ಲೈಡರು

ಗುಂಡ್ಲುಪೇಟೆಯ ನಮ್ಮ ಹಳೆಯ ಮನೆಯ ಕೊಟ್ಟಿಗೆಯಲ್ಲಿ ಒಂದು ಗ್ಲೈಡರು ಇದೆಯೆಂದು ಯಾರೋ ಸುದ್ದಿ ಹಬ್ಬಿಸಿದ್ದಾರೆ. ನೋಡಲು ಬಂದವರೆಲ್ಲ ನಿರಾಶರಾಗಿ ಹಿಂದಿರುಗುತ್ತಾರೆ. ಅದಕ್ಕೆ ರೆಕ್ಕೆ ಇಲ್ಲ, ಬಾಲವಿಲ್ಲ, ಮೂತಿಯೂ ಅರ್ಧಕ್ಕೇ ನಿಂತಿದೆ. ಇರುವುದು ಇಬ್ಬರು ಪಕ್ಕಪಕ್ಕದಲ್ಲಿ ಕಾಲು ಚಾಚಿ ಕೂರುವಷ್ಟು ದೊಡ್ಡದಾದ ಒಂದು ಹಲಗೆಯ ಪೆಟ್ಟಿಗೆ. ಮೊಣಕಾಲುಗಳ ನಡುವೆ ಒಂದು ಕೋಲು, ಪಾದಕ್ಕೆ ಎರಡು ತುಳಿಮಣೆ, ಎಡಗೈಗೆ ಒಂದು ನೀಲಿ ಹಿಡಿ, ಎದುರಿಗೆ ಒಂದು ಹಳದಿ ಗುಂಡಿ. "ಇದೇನು ಸಾರ್, ದೋಣಿಯೆ?" ಎಂದು ಕೇಳಿದವರುಂಟು. ಹಾಲು ಕೊಡುವಾಕೆ ಮಾತ್ರ ಬಹಳ ಹೊತ್ತು ನೋಡಿ, "ಗೋದಲಿ ಚೆಂದಾಗದೆ" ಎಂದು ಹೊರಟುಹೋದಳು. ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ಪೆಟ್ಟಿಗೆಯ ತಳದ ಹಲಗೆ ನಮ್ಮ ಹಸುಗಳ ಗೋದಲಿಯದೇ.

ಗ್ಲೈಡರು ಎಂದರೆ ಇಂಜಿನ್ನಿಲ್ಲದ ವಿಮಾನ. ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದು ಬಿಟ್ಟರೆ ಇಳಿಜಾರಿನಲ್ಲಿ ಜಾರಿದಂತೆ ಗಾಳಿಯಲ್ಲಿ ಜಾರಿಕೊಂಡು ಬರುತ್ತದೆ. ಈಗಿನ ಒಳ್ಳೆಯ ಗ್ಲೈಡರು ಒಂದು ಕಿಲೋಮೀಟರು ಎತ್ತರ ಕಳೆದುಕೊಳ್ಳುವಷ್ಟರಲ್ಲಿ ೪೦ ಕಿಲೋಮೀಟರು ಮುಂದೆ ಹೋಗಿರುತ್ತದೆ. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸಮುದ್ರಮಟ್ಟದಿಂದ ೧,೪೫೪ ಮೀಟರು. ಗುಂಡ್ಲುಪೇಟೆ ಅದಕ್ಕಿಂತ ಸುಮಾರು ೬೦೦ ಮೀಟರು ಕೆಳಗೆ, ಹಕ್ಕಿಯ ದಾರಿಯಲ್ಲಿ ಹದಿನೈದು ಕಿಲೋಮೀಟರು ದೂರ. ಗಾಳಿ ಸುಮ್ಮನಿದ್ದರೆ ಬೆಟ್ಟದ ನೆತ್ತಿಯಿಂದ ಹೊರಟವನು ನಮ್ಮೂರನ್ನು ದಾಟಿ ತೆರಕಣಾಂಬಿಯ ಕಡೆಗೂ ಕಣ್ಣು ಹಾಯಿಸಬಹುದು. ಈ ಲೆಕ್ಕವನ್ನು ನಾನು ಹೈಸ್ಕೂಲು ಹುಡುಗರಿಗೆ ಎಷ್ಟು ಸಲ ಹಾಕಿಸಿದ್ದೇನೋ! ಚಾಮರಾಜನಗರದಲ್ಲಿ ಮೂವತ್ತು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವನು ನಾನು. ವಾರವೆಲ್ಲ ಅಲ್ಲಿ, ಶನಿವಾರ ಬಂದರೆ ಗುಂಡ್ಲುಪೇಟೆ. ನಿವೃತ್ತನಾದ ಮೇಲೂ ಆ ಅಭ್ಯಾಸ ತಪ್ಪಿಲ್ಲ.

ಗ್ಲೈಡರು ಮೇಲೇರುವುದೂ ಉಂಟು. ಅದನ್ನು ನಮ್ಮ ಕಡೆಯ ಹದ್ದುಗಳನ್ನು ನೋಡಿಯೇ ಕಲಿಯಬಹುದು. ಉತ್ತು ಬಿಟ್ಟ ಕಪ್ಪು ಹೊಲ ಮಧ್ಯಾಹ್ನದ ಬಿಸಿಲಿಗೆ ಕಾದು, ಅದರ ಮೇಲಿನ ಗಾಳಿ ಹಗುರವಾಗಿ ಕಂಬದಂತೆ ಏಳುತ್ತದೆ. ಹದ್ದು ಆ ಕಂಬದೊಳಗೆ ಹೊಕ್ಕು, ಒಂದೇ ಒಂದು ಸಲವೂ ರೆಕ್ಕೆ ಬಡಿಯದೆ, ಸುತ್ತಿ ಸುತ್ತಿ ಚುಕ್ಕೆಯಾಗುತ್ತದೆ. ಕೆರೆಯ ಮೇಲೆ ಹೋಗಿ ಹೀಗೆ ಸುತ್ತುವ ದಡ್ಡ ಹದ್ದನ್ನು ನಾನು ಕಂಡಿಲ್ಲ.

ನಮ್ಮ ದೇಶದಲ್ಲಿ ಗ್ಲೈಡರುಗಳಿಗೆ ಹೆಸರಿಟ್ಟವರು ಪಂಚಾಂಗ ಬಲ್ಲವರಿರಬೇಕು. ಸಿವಿಲ್ ವಿಮಾನಯಾನದ ಇಲಾಖೆ ತಾನೇ ರೂಪಿಸಿ ೧೯೫೮ರಲ್ಲಿ ಹಾರಿಸಿದ್ದು ಅಶ್ವಿನಿ. ಆಮೇಲೆ ಬಂದವು ಭರಣಿ, ಕಾರ್ತಿಕ್, ರೋಹಿಣಿ, ಮೃಗಶೀರ, ಆರ್ದ್ರಾ. ಹಾರಿದ ವರ್ಷಗಳು ಸ್ವಲ್ಪ ಹಿಂದುಮುಂದಾದರೂ ಹೆಸರುಗಳು ಮಾತ್ರ ನಕ್ಷತ್ರದ ಸಾಲನ್ನು ಬಿಟ್ಟಿಲ್ಲ. ನಮ್ಮ ತಂದೆಯವರ ಮುಂದೆ ಒಮ್ಮೆ ಈ ಪಟ್ಟಿ ಒಪ್ಪಿಸಿದಾಗ ಅವರು, "ಇವೆಲ್ಲ ಮಳೆ ಹೆಸರು. ಯಾವುದು ಸರಿಯಾಗಿ ಬಂತು?" ಎಂದು ಕೇಳಿದ್ದರು. ಮಳೆಯನ್ನೇ ನಂಬಿ ಬಿತ್ತುವ ತಾಲ್ಲೂಕಿನವರು ಮತ್ತೇನು ಕೇಳಿಯಾರು?

ನನಗೆ ಬಂದದ್ದು ರೋಹಿಣಿ. ೧೯೬೧ರಲ್ಲಿ ಮೊದಲು ಹಾರಿದ, ಮರ ಮತ್ತು ಬಟ್ಟೆಯ ತರಬೇತಿ ಗ್ಲೈಡರು ಅದು. ಗುರುಶಿಷ್ಯರು ಒಬ್ಬರ ಹಿಂದೊಬ್ಬರು ಕೂರುವುದು ಹಲವು ಗ್ಲೈಡರುಗಳ ಪದ್ಧತಿಯಾದರೆ, ರೋಹಿಣಿಯಲ್ಲಿ ಅಕ್ಕಪಕ್ಕ. ೧೯೭೩ರಲ್ಲಿ, ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಾಲೇಜಿನ ಎನ್.ಸಿ.ಸಿ.ಯ ಮೂಲಕ ಒಂದು ಮೈದಾನದಲ್ಲಿ ನಾನು ಅದರ ಎಡಗಡೆಯ ಆಸನದಲ್ಲಿ ಕುಳಿತೆ. ಬಲಗಡೆ ನಮ್ಮ ಶಿಕ್ಷಕರು. ಆಸನ ಇಕ್ಕಟ್ಟು, ಅವರ ಭುಜ ನನ್ನ ಭುಜಕ್ಕೆ ತಗುಲಿಕೊಂಡೇ ಇರುತ್ತಿತ್ತು. ದೂರದಲ್ಲಿ ಯಂತ್ರದ ರಾಟೆ ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುತ್ತಿದ್ದಂತೆ ಗ್ಲೈಡರು ಗಾಳಿಪಟದಂತೆ ಮೂತಿ ಎತ್ತಿ ಏರುವುದು. ತುದಿ ಮುಟ್ಟಿದಾಗ ಹಳದಿ ಗುಂಡಿ ಎಳೆದರೆ ಹಗ್ಗ ಕಳಚಿಕೊಳ್ಳುವುದು. ಆಮೇಲೆ ಗಾಳಿಯ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಒಂದೊಂದು ಹಾರಾಟ ಕೆಲವೇ ನಿಮಿಷ. ಆ ಕೆಲವು ನಿಮಿಷಗಳಿಗಾಗಿ ಬೆಳಗ್ಗೆಯೆಲ್ಲ ಹಗ್ಗ ಎಳೆದು, ಗ್ಲೈಡರು ತಳ್ಳಿ, ಬಿಸಿಲಲ್ಲಿ ಕಾಯುತ್ತಿದ್ದೆವು.

ಒಬ್ಬನೇ ಹಾರುವ ದಿನ ಹತ್ತಿರ ಬಂದಿತ್ತು. ಅಂದು ಇಳಿಯುವುದಕ್ಕೆ ಮುಂಚಿನ ಕೊನೆಯ ತಿರುವಿನಲ್ಲಿ ಹಿಂದಿನಿಂದ ಗಾಳಿ ನೂಕಿತು. ನಾನು ಮೈದಾನದ ಗೆರೆಯನ್ನು ದಾಟಿ ಹೋಗುತ್ತಿದ್ದೆ. ನೆಲ ಹತ್ತಿರವಿತ್ತು. ಏನು ಮಾಡಿದೆನೋ ಆಗ ನನಗೆ ತಿಳಿಯಲಿಲ್ಲ. ಬಲಗಡೆಯ ಭುಜ ಗಟ್ಟಿಯಾಯಿತು, ಕೋಲು ನನ್ನ ಕೈಯಿಂದ ಮುಂದಕ್ಕೆ ಹೋಯಿತು, ಗ್ಲೈಡರು ಒಂದು ಸಲ ನಡುಗಿ ನೆಟ್ಟಗಾಯಿತು. ಇಳಿದ ಮೇಲೆ ಅವರು ಬೈಯಲಿಲ್ಲ. "ನಾಳೆ ಬಾ. ಇದನ್ನೇ ಮತ್ತೆ ಮಾಡೋಣ" ಎಂದರು.

ಬಾಗಿಲಿಗೆ ಬರುವ ದೆವ್ವಕ್ಕೆ "ನಾಳೆ ಬಾ" ಎಂದು ಗೋಡೆಯ ಮೇಲೆ ಬರೆದಿಡುವ ವಾಡಿಕೆ ನಮ್ಮವರಲ್ಲುಂಟಲ್ಲ. ಅದನ್ನು ಓದಿ ದೆವ್ವ ಹಿಂದಿರುಗಿ ಹೋಗುತ್ತದಂತೆ. ನಾನೂ ಹಾಗೆಯೇ ಹೋದೆ. ಮರುದಿನ ಬೆಳಗಿನ ಮೊದಲನೆಯ ಬಸ್ಸಿಗೆ ಹೋಲ್ಡಾಲು ಹಾಕಿಕೊಂಡು ಊರಿಗೆ ಬಂದು, "ಕಣ್ಣು ಸಾಲದು ಅಂತ ಕಳಿಸಿಬಿಟ್ಟರು" ಎಂದು ಮನೆಯಲ್ಲಿ ಹೇಳಿದೆ. ಮದುವೆಯಾದ ಮೇಲೆ ನನ್ನಾಕೆಗೂ ಅದನ್ನೇ ಹೇಳಿದೆ, ಮಕ್ಕಳಿಗೂ ಅದನ್ನೇ. ಐವತ್ತು ವರ್ಷ ಹೇಳಿದ ಸುಳ್ಳಿಗೆ ಒಂದು ಬಗೆಯ ಹೊಳಪು ಬಂದುಬಿಡುತ್ತದೆ. ಹೇಳುವವನಿಗೇ ಅದು ನಿಜವೆನ್ನಿಸತೊಡಗುತ್ತದೆ.

ಹೀಗಿರುವಾಗ ನನ್ನ ಮಗ ಒಂದು ಒಳ್ಳೆಯ ಕಂಪ್ಯೂಟರನ್ನೂ, ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಪೆಟ್ಟಿಗೆಯನ್ನೂ ತಂದುಕೊಟ್ಟ. ಕುದುರೆಯ ಕಣ್ಣುಪಟ್ಟಿಯಂತಿರುವ ಈ ಪೆಟ್ಟಿಗೆಯನ್ನು ಕಟ್ಟಿಕೊಂಡರೆ ತಲೆ ತಿರುಗಿಸಿದತ್ತ ಬೇರೊಂದು ಲೋಕ ಕಾಣುತ್ತದೆ. ಕಾಂಡೋರ್ ಎಂಬ ಗ್ಲೈಡರು ಹಾರಿಸುವ ತಂತ್ರಾಂಶವನ್ನೂ ಅವನೇ ಹಾಕಿಕೊಟ್ಟ. ಅದನ್ನು ಮಾಡಿದವರು ಸ್ಲೊವೇನಿಯ ದೇಶದವರು. ಅದರ ಜೊತೆಗೆ ಬರುವ ಭೂಮಿಯೂ ಸ್ಲೊವೇನಿಯದ್ದೇ. ಹೀಗಾಗಿ ಹೊರಗೆ ಮೇಕೆ ಅರಚುತ್ತಿದ್ದರೆ ಒಳಗೆ ನಾನು ಆಲ್ಪ್ಸ್ ಪರ್ವತದ ಅಂಚಿನಲ್ಲಿ, ಬ್ಲೆಡ್ ಎಂಬ ಸರೋವರದ ಮೇಲೆ ಸುತ್ತುತ್ತಿರುತ್ತೇನೆ. ಹೆಗ್ಗಡದೇವನಕೋಟೆಯ ದಾರಿಗಳಿಗಿಂತ ಆ ದೇಶದ ಕಣಿವೆಗಳೇ ಈಗ ನನಗೆ ಚೆನ್ನಾಗಿ ಗೊತ್ತು.

ಪೆಟ್ಟಿಗೆ ಕಟ್ಟಿಕೊಂಡವನಿಗೆ ತನ್ನ ಕೈ ತನಗೆ ಕಾಣುವುದಿಲ್ಲ ಎಂಬುದೊಂದು ತೊಡಕು. ಚಿತ್ರದಲ್ಲಿ ನೀಲಿ ಹಿಡಿ ಎಲ್ಲಿದೆಯೋ ಅಲ್ಲಿಗೆ ಕೈ ಚಾಚಿದರೆ ಬರೀ ಗಾಳಿ ಸಿಕ್ಕುತ್ತದೆ. ಮೇಜಿನ ಮೇಲಿನ ಆಟದ ಕೋಲಿನಿಂದ ಇದು ತೀರುವ ಕೆಲಸವಲ್ಲ. ಕೈಗೆ, ಕಾಲಿಗೆ, ಬೆನ್ನಿಗೆ ಸಿಕ್ಕಬೇಕಾದದ್ದು ಅದರದರ ಜಾಗದಲ್ಲಿಯೇ ಸಿಕ್ಕಬೇಕು. ಆದುದರಿಂದಲೇ ಈ ಕೊಟ್ಟಿಗೆಯ ಮರಗೆಲಸ.

ಇಂಥ ಹುಚ್ಚು ನನಗೊಬ್ಬನಿಗೇ ಹಿಡಿದದ್ದಲ್ಲ. ಅಮೆರಿಕದ ಬಿಂಗ್‌ಹ್ಯಾಂಟನ್ ಊರಿನಲ್ಲಿ ಪಿಯಾನೋ, ಆರ್ಗನ್ ತಯಾರಿಸುತ್ತಿದ್ದವರ ಮಗ ಎಡ್ವಿನ್ ಲಿಂಕ್ ಎಂಬಾತ, ವಿಮಾನ ಕಲಿಯುವುದು ದುಬಾರಿಯೆಂದು, ೧೯೨೯ರಲ್ಲಿ ತಂದೆಯ ಕಾರ್ಖಾನೆಯ ತಿದಿಗಳನ್ನೇ ಜೋಡಿಸಿ ನೆಲ ಬಿಡದ ಒಂದು ವಿಮಾನ ಮಾಡಿದ. ಕೋಲು ಅಲುಗಿಸಿದರೆ ತಿದಿಗಳು ಉಬ್ಬಿ ತಗ್ಗಿ ಪೆಟ್ಟಿಗೆಯನ್ನು ವಾಲಿಸುತ್ತಿದ್ದವು. ಜಾತ್ರೆಯ ಆಟದ ಸಾಮಾನೆಂದು ಜನ ನಕ್ಕರು. ೧೯೩೪ರಲ್ಲಿ ಮಂಜು ಮಳೆಯಲ್ಲಿ ಟಪಾಲು ಒಯ್ಯುತ್ತಿದ್ದ ಪೈಲಟ್ಟುಗಳು ಸಾಲಾಗಿ ಸತ್ತಾಗ ಅಲ್ಲಿನ ಸೈನ್ಯ ಅಂಥ ಆರು ಪೆಟ್ಟಿಗೆಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಹುಡುಗರು ಅದರಲ್ಲಿ ಕುಳಿತು ಕಲಿತರು. ನಮ್ಮ ಮನೆಯ ಹಾರ್ಮೋನಿಯಮ್ಮಿನ ಮೇಲೆ ನಾನೂ ಒಮ್ಮೆ ಕಣ್ಣು ಹಾಕಿದ್ದುಂಟು. ನನ್ನಾಕೆ ಅದಕ್ಕೆ ಬೀಗ ಹಾಕಿದಳು.

ರೋಹಿಣಿಯ ಅಳತೆ ನನ್ನ ಬಳಿ ಕಾಗದದಲ್ಲಿರಲಿಲ್ಲ, ಮೈಯಲ್ಲಿತ್ತು. ನಡುಮನೆಯಲ್ಲಿ ದಿಂಬಿಗೆ ಒರಗಿ, ಕಾಲು ಚಾಚಿ, ಮೊಣಕಾಲ ನಡುವೆ ಪೊರಕೆ ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ, "ಇನ್ನೊಂದು ಅಂಗುಲ ಈಚೆಗೆ, ಹಾಂ, ಇಲ್ಲೇ" ಎನ್ನುತ್ತಿದ್ದೆ. ನನ್ನಾಕೆ ಟೇಪು ಹಿಡಿದು ಬರೆದುಕೊಳ್ಳುತ್ತಿದ್ದಳು. ಆ ಚೀಟಿ ಹಿಡಿದು ಚಾಮರಾಜನಗರದ ಒಬ್ಬ ಆಚಾರಿಯ ಬಳಿಗೆ ಹೋದೆ. ಆತ ಕಾಲಂಗುಲದ ಲೆಕ್ಕವನ್ನೆಲ್ಲ ಓದಿ, "ಹಾರದೆ ಇದ್ದ ಮ್ಯಾಲ ಈಪಾಟಿ ಅಳತೆ ಯಾಕ ಸ್ವಾಮಿ?" ಎಂದ. ಹಾರದೆ ಇರುವುದರಿಂದಲೇ ಅಳತೆ ಬೇಕು ಎಂದು ಹೇಳಿದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ಕೆಲಸ ಮಾತ್ರ ದೇವರ ಮಂಟಪಕ್ಕೆ ಮಾಡಿದಂತೆ ಮಾಡಿದ. ಆಷಾಢದ ಚಾಮರಾಜೇಶ್ವರನ ತೇರಿಗೆ ಮುಂಚೆ ಕೊಡುತ್ತೇನೆಂದವನು ದೀಪಾವಳಿ ಕಳೆದ ಮೇಲೆ ಕೊಟ್ಟ, ಅಷ್ಟೆ. ಟೆಂಪೋದಲ್ಲಿ ಅದು ಮಗ್ಗುಲಾಗಿ ಮಲಗಿಕೊಂಡು ತೆರಕಣಾಂಬಿಯ ಪೇಟೆ ದಾಟುವಾಗ ಹುಡುಗರು ಹಿಂದೆ ಓಡಿಬಂದರು.

ಕೋಲಿನ ಬುಡಕ್ಕೆ ಒಂದು ಪುಟ್ಟ ಅಯಸ್ಕಾಂತ ಕೂರಿಸಿದೆ. ಅದರೆದುರಿಗೆ ಉಗುರಿನಷ್ಟಗಲದ ಒಂದು ಬಿಲ್ಲೆ. ಕೋಲು ವಾಲಿದಂತೆ ಅಯಸ್ಕಾಂತ ತಿರುಗಿ, ಬಿಲ್ಲೆಯಲ್ಲಿ ವಿದ್ಯುತ್ತಿನ ಒತ್ತಡ ಹೆಚ್ಚುಕಡಿಮೆಯಾಗಿ, ಅದನ್ನು ಕಂಪ್ಯೂಟರು ಓದಿಕೊಳ್ಳುತ್ತದೆ. ಇದು ೧೮೭೯ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ತತ್ವ. ಎಡ್ವಿನ್ನರಿಗೂ ನನಗೂ ಏನೋ ಋಣಾನುಬಂಧವಿರಬೇಕು. ಕೋಲನ್ನು ನಡುವಿಗೆ ತರಲು ಹಳೆಯ ಸೈಕಲ್ ಸೀಟಿನ ಸ್ಪ್ರಿಂಗು. ಇದೊಂದು ಕೊರತೆಯೇ ಸರಿ. ನಿಜವಾದ ಗ್ಲೈಡರಿನಲ್ಲಿ ವೇಗ ಹೆಚ್ಚಿದಂತೆ ಕೋಲು ಬಿಗಿಯಾಗುತ್ತದೆ, ವೇಗ ತಗ್ಗಿದರೆ ಸಡಿಲವಾಗಿ ಎಚ್ಚರಿಸುತ್ತದೆ. ಸೈಕಲ್ ಸ್ಪ್ರಿಂಗಿಗೆ ಆ ವಿವೇಕವಿಲ್ಲ. ನೀಲಿ ಹಿಡಿ ರೆಕ್ಕೆಯ ಮೇಲಿನ ತಡೆಹಲಗೆಗಳದು, ಹಳದಿ ಗುಂಡಿ ಹಗ್ಗ ಕಳಚುವುದಕ್ಕೆ. ರೋಹಿಣಿ ಆ ತಂತ್ರಾಂಶದಲ್ಲಿಲ್ಲವಾಗಿ ಒಂದು ಹಳೆಯ ಜರ್ಮನ್ ಗ್ಲೈಡರಿನಲ್ಲಿ ತೃಪ್ತಿಪಟ್ಟುಕೊಂಡಿದ್ದೇನೆ.

ಹದಿನೈದು ದಿನ ಸುಮ್ಮನೆ ಹಾರಿದೆ. ಆಮೇಲೆ, ಯಾರೂ ಇಲ್ಲದ ಒಂದು ಮಧ್ಯಾಹ್ನ, ೧೯೭೩ರ ಆ ತಿರುವನ್ನು ಮತ್ತೆ ಮಾಡಿದೆ. ಹಿಂದಿನಿಂದ ಗಾಳಿ, ೨೫೦ ಅಡಿ ಎತ್ತರ, ಎಡಕ್ಕೆ ತಿರುವು. ಗೆರೆ ದಾಟಿಹೋಗುತ್ತಿದೆ ಎಂದು ಕಂಡೊಡನೆ ನನ್ನ ಎಡಗಾಲು ತಾನಾಗಿಯೇ ತುಳಿಮಣೆಯನ್ನು ಒತ್ತಿತು. ಎಡರೆಕ್ಕೆ ನೆಲಕ್ಕೆ ತಾಗೀತೆಂಬ ಹೆದರಿಕೆಯಿಂದ ಕೈ ಕೋಲನ್ನು ಬಲಕ್ಕೆ ಹಿಡಿಯಿತು. ಮೂತಿ ಕೆಳಗಾಯಿತೆಂದು ಹಿಂದಕ್ಕೂ ಎಳೆಯಿತು. ಐವತ್ತು ವರ್ಷ ಕಳೆದರೂ ಕೈಕಾಲು ಒಂದನ್ನೂ ಮರೆತಿರಲಿಲ್ಲ! ಎಡರೆಕ್ಕೆ ಕಳಚಿಬಿದ್ದಂತೆ ಕುಸಿಯಿತು, ಆಕಾಶ ಮೇಲಿದ್ದದ್ದು ಪಕ್ಕಕ್ಕೆ ಬಂತು, ಹಸಿರು ಹುಲ್ಲು ಮುಖಕ್ಕೆ ಬಂತು. ಚಿತ್ರ ನಿಂತುಹೋಯಿತು.

ಅದೇ ತಪ್ಪನ್ನು ೨,೦೦೦ ಅಡಿಯಲ್ಲಿ ಮಾಡಿದೆ. ಅಲ್ಲಿ ಸಮಯವಿತ್ತು. ತಿರುಗಣಿಗೆ ಎದುರಾಗಿ ಕಾಲು ಒತ್ತಿ, ಕೋಲನ್ನು ಮುಂದಕ್ಕೆ ಬಿಟ್ಟು, ಸುತ್ತುವುದು ನಿಂತ ಮೇಲೆ ಮೆಲ್ಲನೆ ಎತ್ತಿದರೆ ಸರಿಹೋಗುತ್ತದೆ; ಆದರೆ ಅಷ್ಟರಲ್ಲಿ ನೂರಾರು ಅಡಿ ಕಳೆದಿರುತ್ತದೆ. ೨೫೦ ಅಡಿಯಲ್ಲಿ ಅದನ್ನು ಯಾರು ಕೊಡುತ್ತಾರೆ? ಗ್ಲೈಡರು ಕಲಿಯುವವರನ್ನು ಬಹಳ ಹಿಂದಿನಿಂದಲೂ ಕೊಲ್ಲುತ್ತ ಬಂದಿರುವ ತಪ್ಪು ಇದು. ನೆಲದ ಭಯದಿಂದಲೇ ಹುಟ್ಟುವ ತಪ್ಪಾದ್ದರಿಂದ ಎಲ್ಲರೂ ಮಾಡುತ್ತಾರೆ. ಮಾಡುವರೆಂದು ಗೊತ್ತಿರುವುದರಿಂದಲೇ ಪಕ್ಕದಲ್ಲೊಬ್ಬರು ಕೂರುತ್ತಾರೆ. ಅವರು ನನ್ನನ್ನು ಹೇಡಿಯೆಂದಾಗಲಿ, ಕೆಲಸಕ್ಕೆ ಬಾರದವನೆಂದಾಗಲಿ ಎಣಿಸಿರಲಿಲ್ಲ. ನಾಳೆ ಬಾ ಎಂದದ್ದಕ್ಕೆ ನಾಳೆ ಬಾ ಎಂದಷ್ಟೇ ಅರ್ಥ. ಅವರು ಈಗಿಲ್ಲ.

ಆ ದಿನ ರಾತ್ರಿ ನನಗೆ ಊಟ ಸೇರಲಿಲ್ಲ.

ಜನವರಿಯ ಒಂದು ಭಾನುವಾರ ನಾನು ಪೆಟ್ಟಿಗೆ ಕಟ್ಟಿಕೊಂಡು ಕುಳಿತಿದ್ದಾಗ ಬಲಗಡೆಯ ಆಸನ ಕಿರುಗುಟ್ಟಿತು. ಕೊಟ್ಟಿಗೆಯ ಆ ಮೂಲೆಯಲ್ಲಿ ಬಿಸಿಲು ಬೀಳುತ್ತದೆಂದು ನನ್ನಾಕೆ ಅವರೆಕಾಯಿಯ ಮೊರ ಹಿಡಿದುಕೊಂಡು ಬಂದು ಕೂತಿದ್ದಳು. ನನಗೆ ಅವಳು ಕಾಣಿಸುತ್ತಿರಲಿಲ್ಲ. ಕಾಣುತ್ತಿದ್ದುದು ಮೈದಾನ, ಗಾಜಿನ ಮೇಲೆ ಅಂಟಿಸಿದ ಉಣ್ಣೆಯ ದಾರ, ಎಡಕ್ಕೆ ವಾಲಿದ ದಿಗಂತ. ಭುಜಕ್ಕೆ ಮಾತ್ರ ಒಂದು ಭುಜ ತಗುಲಿಕೊಂಡಿತ್ತು.

ಕೊನೆಯ ತಿರುವು ಬಂತು. ಕಾಲು ಒತ್ತಲು ಹವಣಿಸಿತು, ತಡೆದೆ. ರೆಕ್ಕೆಯನ್ನು ಇಳಿಯಬೇಕಾದಷ್ಟು ಇಳಿಯಬಿಟ್ಟೆ, ಮೂತಿಯನ್ನು ತಗ್ಗಿಸಿಯೇ ಇಟ್ಟೆ. ಉಣ್ಣೆಯ ದಾರ ನೆಟ್ಟಗೆ ನಿಂತಿತು. ಗೆರೆ ದಾಟಿತು, ಆದರೇನು, ನಿಧಾನವಾಗಿ ಹಿಂದಕ್ಕೆ ಬಂದೆ. ನೀಲಿ ಹಿಡಿ ಎಳೆದು ಇಳಿದೆ.

ಪೆಟ್ಟಿಗೆ ಬಿಚ್ಚಿ, ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು, ಅವಳಿಗೆ ಎಲ್ಲವನ್ನೂ ಹೇಳಿದೆ: ತಿರುವು, ಬಸ್ಸು, ಹೋಲ್ಡಾಲು, ಕಣ್ಣಿನ ಸುಳ್ಳು. ಅವಳು ಅವರೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಐವತ್ತರವರೆಗೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿಕೊಟ್ಟವರು ನೀವು," ಎಂದಳು. "ಕಣ್ಣಿನ ಕಥೇನ ನಾನು ಯಾವತ್ತು ನಂಬಿದ್ದೆ?"

"ಮತ್ತೆ ಕೇಳಲೇ ಇಲ್ಲವಲ್ಲ?"

"ಹೇಳೋರು ಹೇಳ್ತಾರೆ ಅಂತ ಬಿಟ್ಟಿದ್ದೆ." ಮೊರ ಎತ್ತಿಕೊಂಡು ಎದ್ದಳು. ಎದ್ದಾಗ ಆಸನ ಮತ್ತೆ ಕಿರುಗುಟ್ಟಿತು. "ಇದಕ್ಕೆ ಒಂದು ತೊಟ್ಟು ಹರಳೆಣ್ಣೆ ಬಿಡಿ. ನಾಳೆಯೂ ಬಿಸಿಲು ಇಲ್ಲೇ ಬೀಳೋದು."